ಸಿದ್ರಾಯನ ಬಾಯಿಗೆ ಬಿಸಿಲು

ಕುಲಗೋಡದ ಸಿದ್ರಾಯನ ಮುಂದಿನ ಹಲ್ಲನ್ನು ಅವನದೇ ಟಗರು ಗುದ್ದಿ ಕೆಡವಿತ್ತು. ಅಂದಿನಿಂದ ಅವನು “ಸಾವಿತ್ರಿ” ಎಂದು ಹೆಂಡತಿಯನ್ನು ಕರೆದರೆ ಪಂಕ್ಚರ್ ಆದ ಟ್ಯೂಬಿನಂತೆ ಬರೀ ಗಾಳಿ ಹೊರಡುತ್ತಿತ್ತು. ಅವಳು ಓಗೊಡುವುದನ್ನೇ ಬಿಟ್ಟಿದ್ದಳು. ಈ ಹೊತ್ತು ಗೋಕಾಕದ ಡಾಕ್ಟರ್ ಶೀತಲ್ ಅವನ ದವಡೆಗೆ ಸ್ಕ್ರೂ ಕೂರಿಸಿ, ಹೊಸ ಹಲ್ಲಿಗೆ ಬುನಾದಿ ಹಾಕುವವರಿದ್ದರು.

ಬೆಳಿಗ್ಗೆ ದವಾಖಾನೆಯಿಂದ ಫೋನ್ ಬಂತು. “ನಿಮ್ಮ ಸ್ಕ್ರೂನ ಮೊದಲ ಯುವಿ ಬೆಳಕಿನಾಗ ಇಡ್ತೇವ್ರಿ. ಎಲುಬು ಲಗೂ ಹಿಡಕೊಳ್ಳಲಿ ಅಂತ. ಬಿಸಿಲಿನಾಗೂ ಇರತೈತಲ್ಲ, ಅಂಥಾ ಬೆಳಕು.”

ಬಾಜೂ ಮನೆಯ ಅಲ್ಲಪ್ಪ ಕಿವಿ ನಿಮಿರಿಸಿದ. “ಸ್ಕ್ರೂಗ ಬೆಳಕು ಬೇಕಂದ್ರ ಎಲುಬಿಗಿ ಬ್ಯಾಡೇನೋ? ಬಾಯಿ ತಗದು ಸೂರ್ಯಗ ತೋರ್ಸು. ಹೊಲ ಹದ ಮಾಡಿದಂಗ ಆಕ್ಕೈತಿ!”

ಸಿದ್ರಾಯನಿಗೆ ಹೌದೆನಿಸಿತು. ಅಂಗಳದಲ್ಲಿ ಕೂತು ಆಕಾಶಕ್ಕೆ ಬಾಯಿ ತೆರೆದ. ಮೊದಲು ನೊಣ ಬಂದವು. ಆಮೇಲೆ ಎದುರು ಮನೆಯ ಗುಡುಬಿ ಬಂದಳು.

“ಏನಾತೋ ಸಿದ್ರಾಯಣ್ಣಾ?”

ಬಿಸಿಲು ವ್ಯರ್ಥವಾದೀತೆಂದು ಅವನು ಬಾಯಿ ಮುಚ್ಚದೆಯೇ “ಆಆ” ಎಂದ.

“ಯವ್ವಾ! ಬಾಯಿ ಬಿದ್ದು ಹೋತು, ಓಡಿ ಬರ್ರಿ!”

ಓಣಿಯೇ ನೆರೆಯಿತು. ಒಬ್ಬ ಬ್ಯಾಟರಿ ಹಾಕಿ ಒಳಗೆ ಇಣುಕಿದ. ಮುದುಕಿಯೊಬ್ಬಳು ದೇವರ ಭಂಡಾರವನ್ನು ಮುಖಕ್ಕೆ ಎರಚಿದಳು. ಅರಿಷಿಣ ಮೂಗಿಗೆ ಹೊಕ್ಕು ಸಿದ್ರಾಯ ಎಂಥ ಸೀನು ಸೀನಿದನೆಂದರೆ, ದವಡೆಯ ಕೀಲು ಜಾರಿಯೇ ಬಿಟ್ಟಿತು. ಈಗ ಮುಚ್ಚೋಣವೆಂದರೂ ಬಾಯಿ ಮುಚ್ಚಲೊಲ್ಲದು!

ಅಲ್ಲಪ್ಪ ಅವನನ್ನು ಬಸ್ಸಿಗೆ ಹತ್ತಿಸಿ ಮೆಲ್ಲಗೆ ಜಾರಿಕೊಂಡ.

“ಎಲ್ಲಿಗ್ರಿ?” ಎಂದ ಕಂಡಕ್ಟರ್.

“ಆಆ.”

“ಅಂಕಲಗಿ? ತಗೋರಿ.”

ಗೋಕಾಕ ದಾಟಿ ಮುಂದಿರುವ ಅಂಕಲಗಿಯ ಟಿಕೀಟು ಹಿಡಿದು, ದಾರಿಯ ಧೂಳನ್ನೆಲ್ಲ ನುಂಗಿ ಸಿದ್ರಾಯ ಗೋಕಾಕದಲ್ಲಿ ಇಳಿದ. ಅವನು ಕೈಸನ್ನೆಯಲ್ಲಿ ಕತೆ ಹೇಳಿದ್ದನ್ನು ನೋಡಿ ಡಾಕ್ಟರ್ ಶೀತಲ್ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬೆಳಕು ಸ್ಕ್ರೂಗ ರೀ, ನಿಮಗಲ್ಲ! ತಡೀರಿ, ಮೊದಲ ದವಡಿ ಕೂಡಸ್ತೇನಿ.”

ಅವರು ಎರಡೂ ಹೆಬ್ಬೆರಳು ಬಾಯೊಳಗಿಟ್ಟು ದವಡೆಯನ್ನು ಕೆಳಕ್ಕೆ ಒತ್ತಿದರು. ಟಪ್! ಬೆಳಗಿನಿಂದ ತೆರೆದಿದ್ದ ಬಾಯಿ ಇಲಿಬೋನಿನಂತೆ ಮುಚ್ಚಿತು. ಜೊತೆಗೇ ಏನೋ ‘ಕಟಕ್’ ಎಂದಿತು. ದವಾಖಾನೆಯೆಲ್ಲ ನಡುಗುವಂತೆ ಒಂದು ಚೀರಾಟ ಕೇಳಿತು.

ಸ್ವಲ್ಪ ಹೊತ್ತಿಗೆ ಬಾಯಿ ತೊಳೆದುಕೊಂಡು ಬಂದು ಸಿದ್ರಾಯ ಮತ್ತೆ ಕುರ್ಚಿ ಏರಿದ. “ಈಗ ಸ್ಕ್ರೂ ಹಾಕ್ರಿ ಸಾಹೇಬ್ರ.”

ಡಾಕ್ಟರರು ಎಕ್ಸ್‌ರೇ ನೋಡುತ್ತ ನರಳಿದರು. “ಆಗೂದಿಲ್ರಿ. ಎಲುಬು ಸೀಳೈತಿ. ಕೂಡಾಕ ಎರಡ ತಿಂಗಳರ ಬೇಕು.”

ಸಿದ್ರಾಯ ದವಡೆ ಸವರಿಕೊಂಡ. “ನನಗೇನೂ ನೋವ ಇಲ್ಲಲ್ರಿ?”

“ನಿಮ್ದಲ್ರೀ!” ಡಾಕ್ಟರರು ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದರು. “ನಂದು!”