ಗ್ಲೋರಿಯಾ ಎಂಬ ನಾನು

ನನ್ನ ಹೆಂಡತಿಯನ್ನು ಭಾರತದ ಪ್ರಜೆಯನ್ನಾಗಿ ಮಾಡುವ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ. ಅದರಲ್ಲಿ ಕಷ್ಟವೇನಿದೆ? ನಾನು ಭಾರತೀಯ. ಅವಳು ನನ್ನ ಹೆಂಡತಿ. ಇಷ್ಟನ್ನು ಬರೆದು, ಸಹಿ ಹಾಕಿ ಕೊಟ್ಟರೆ ಮುಗಿಯಿತು!

ಹಾಗೆಂದು ನಂಬಿದ್ದೆ. ದೇವರಾಣೆಗೂ ನಂಬಿದ್ದೆ.

ಗ್ಲೋರಿಯಾ ಫಿಲಿಪ್ಪೀನ್ಸ್ ದೇಶದವಳು. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯವನು. ನಾವಿಬ್ಬರೂ ಸಿಕ್ಕಿದ್ದು ಕತಾರಿನ ಒಂದು ಆಸ್ಪತ್ರೆಯಲ್ಲಿ. ಅವಳು ಅಲ್ಲಿ ನರ್ಸ್, ನಾನು ಎ.ಸಿ. ರಿಪೇರಿಯವನು. ಅವಳ ವಾರ್ಡಿನ ಎ.ಸಿ. ತೊಟ್ಟಿಕ್ಕುತ್ತಿದೆ ಎಂದು ಕರೆ ಬಂತು. ಹೋಗಿ ರಿಪೇರಿ ಮಾಡಿದೆ. ಮಾರನೆಯ ದಿನ ಅದು ಸುರಿಯತೊಡಗಿತು. ಮತ್ತೆ ಹೋದೆ. ಹೀಗೆ ಹೋಗಿ ಬಂದು ಪರಿಚಯ ಬೆಳೆದು, ಮದುವೆಯವರೆಗೂ ಬಂತು. ನಾನು ಬೇಕೆಂದೇ ಎ.ಸಿ. ಕೆಡಿಸುತ್ತಿದ್ದೆ ಎಂದು ಅವಳು ಈಗಲೂ ನಂಬಿದ್ದಾಳೆ. ಸತ್ಯವೇನೆಂದರೆ, ನನಗೆ ಅದನ್ನು ಸರಿ ಮಾಡಲು ಬಂದಿರಲಿಲ್ಲ!

ಮದುವೆಯಾದ ಮೇಲೆ ಊರಿಗೆ ಬಂದು ನೆಲೆಸಿದೆವು. ನಾನು ಸೋಂಪುರದ ಒಂದು ಕಾರ್ಖಾನೆಗೆ ಸೇರಿಕೊಂಡೆ. ಗ್ಲೋರಿಯಾ ಎಂಬ ಹೆಸರು ನಮ್ಮವ್ವನ ನಾಲಿಗೆಗೆ ಒಗ್ಗಲಿಲ್ಲ. "ಲೇ ನಾಗ, ಆ ಹೆಸ್ರು ಬಾಯಾಗೆ ಗೋಲಿ ಇಟ್ಕೊಂಡಂಗಾಯ್ತದೆ ಕಣ್ಲಾ. ನಾನು ಗೌರಿ ಅಂತೀನಿ" ಎಂದಳು. ಅಂದಿನಿಂದ ಊರಿಗೆಲ್ಲ ಅವಳು ಗೌರಿ. ಅವಳು ಕನ್ನಡ ಕಲಿತದ್ದೂ ಅವ್ವನ ಬಾಯಿಂದಲೇ. ಹಾಗಾಗಿ ಮಾತಾಡಿದರೆ ನಾಲ್ಕು ತಲೆಮಾರಿನಿಂದ ಮಧುರೆಯಲ್ಲೇ ಇದ್ದವಳಂತೆ ಮಾತಾಡುತ್ತಾಳೆ. ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತರೆ ಸೊಪ್ಪಿನವಳೇ ಸೋಲುತ್ತಾಳೆ.

ಎಲ್ಲವೂ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಅಷ್ಟು ಒಳ್ಳೆಯ ನರ್ಸ್, ವಿದೇಶಿ ಪ್ರಜೆ ಎಂಬ ಕಾರಣಕ್ಕೆ ಇಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಬೀದಿಯವರೆಲ್ಲ ಜಗಲಿಗೆ ಬಂದು ಅವಳಿಂದ ಬಿ.ಪಿ. ನೋಡಿಸಿಕೊಂಡು ಹೋಗುತ್ತಿದ್ದರು. ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮಿನವರು, "ಪೌರತ್ವ ಸಿಕ್ಕಿದ ತಕ್ಷಣ ಬನ್ನಿ ಸಿಸ್ಟರ್, ಕೆಲಸ ಕಾಯ್ತಿರುತ್ತೆ" ಎಂದಿದ್ದರು. ವೀಸಾ ಮುಂದುವರಿಸುವ ಕಾಲ ಬಂತೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಹುಟ್ಟಿದ ನಮ್ಮ ಮಗಳನ್ನು ತಬ್ಬಿಕೊಂಡು ಕೂರುತ್ತಿದ್ದಳು. ಅರ್ಜಿ ಹಾಕಲು ಬೇಕಾದಷ್ಟು ವರ್ಷ ಇಲ್ಲೇ ಬಾಳಿದ್ದಾಯಿತು ಎಂದು ಗೊತ್ತಾದ ದಿನ ನಾನು ಕುಣಿದುಬಿಟ್ಟೆ.

"ನೀನು ಏನೂ ತಲೆ ಕೆಡಿಸ್ಕೋಬೇಡ. ಎಲ್ಲಾ ನಾನು ನೋಡ್ಕೊಳ್ತೀನಿ!" ಎಂದೆ.

ಅನಾಹುತದ ಮೊದಲ ವಾಕ್ಯ ಅದೇ.

ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು ಕುಳಿತೆವು. ಒಂದು ಕಡೆ, ನಿಮ್ಮ ಹೆಸರು ಯಾವಾಗಲಾದರೂ ಬದಲಾಗಿದೆಯೇ ಎಂಬ ಪ್ರಶ್ನೆ ಇತ್ತು.

"ಇಲ್ಲ ಅಂತ ಹಾಕಿ ರೀ" ಎಂದಳು ಗ್ಲೋರಿಯಾ.

"ಇಲ್ಲ ಅನ್ನೋಕಾಗುತ್ತಾ? ಮದುವೆ ಆಗಿದೆ. ಗಂಡನ ಹೆಸರು ಸೇರಬೇಕು. ನಮ್ಮ ದೇಶದ ಪದ್ಧತಿ ನಿನಗೇನು ಗೊತ್ತು?" ಎಂದು 'ಹೌದು' ಒತ್ತಿದೆ.

ಈಗ ಮದುವೆಯ ನಂತರದ ಹೆಸರು ಬರೆಯಬೇಕಿತ್ತು. ಅದಕ್ಕೆ ಗಂಡನ ಮನೆತನದ ಹೆಸರು ಬೇಕು. ನನಗೆ ಅದು ಎಲ್ಲಿಂದ ಬರಬೇಕು? ನಾನು ಎಂ.ಬಿ. ನಾಗರಾಜ. ಎಂ ಎಂದರೆ ಮಧುರೆ, ಬಿ ಎಂದರೆ ನಮ್ಮಪ್ಪ ಬೈರಪ್ಪ. ನಮ್ಮ ಕಡೆ ಇಷ್ಟರಲ್ಲೇ ಹುಟ್ಟಿ ಇಷ್ಟರಲ್ಲೇ ಸಾಯುತ್ತಾರೆ. 'ಗ್ಲೋರಿಯಾ ಬೈರಪ್ಪ' ಎಂದು ಬರೆದು ನೋಡಿದೆ. ನಮ್ಮಪ್ಪನನ್ನೇ ಮದುವೆಯಾದ ಹಾಗಿತ್ತು, ಅಳಿಸಿದೆ. 'ಗ್ಲೋರಿಯಾ ಮಧುರೆ' ಎಂದು ಬರೆದೆ. ಆಹಾ! ಸಿನಿಮಾ ತಾರೆಯ ಹೆಸರಿನಂತಿತ್ತು. ಸಂತೋಷ ತಾಳಲಾರದೆ ಕಳಿಸಿಯೇಬಿಟ್ಟೆ.

ಕೆಲವು ವಾರಗಳ ನಂತರ ದಾಖಲೆಗಳನ್ನು ತೋರಿಸಲು ಜಿಲ್ಲಾಧಿಕಾರಿ ಕಚೇರಿಗೆ ಕರೆದರು. ಹೊಸ ಶರ್ಟು ಹಾಕಿಕೊಂಡು ಹೋದೆ. ಅಲ್ಲಿದ್ದ ಮೇಡಂ ಅರ್ಜಿ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಮಧುರೆ ಅಂದ್ರೆ ಯಾರು?"

"ನಮ್ಮೂರು ಮೇಡಂ."

"ಇವರು ಮದುವೆ ಆಗಿರೋದು ನಿಮ್ಮನ್ನೋ, ಊರನ್ನೋ?"

ಹಿಂದೆ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಯಾರನ್ನು ಕುರಿತು ನಗುತ್ತಿದ್ದಾರೆಂದು ಆಮೇಲೆ ಹೊಳೆಯಿತು.

ಮೇಡಂ ದಾಖಲೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಪಾಸ್‌ಪೋರ್ಟಿನಲ್ಲಿ ಗ್ಲೋರಿಯಾ ರೇಯೆಸ್ ಸಾಂತೋಸ್. ಮದುವೆ ನೋಂದಣಿಯಲ್ಲಿ ಗ್ಲೋರಿಯಾ ನಾಗರಾಜ. ಆಧಾರ್ ಕಾರ್ಡಿನಲ್ಲಿ ಗೌರಿ ಎಂ.ಬಿ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಗೌರಮ್ಮ. ಈಗ ಅರ್ಜಿಯಲ್ಲಿ ಗ್ಲೋರಿಯಾ ಮಧುರೆ! ಪಾಸ್‌ಪೋರ್ಟಿನದೊಂದನ್ನು ಬಿಟ್ಟು ಉಳಿದವನ್ನೆಲ್ಲ ಹೇಳಿ ಬರೆಸಿದ ಪುಣ್ಯಾತ್ಮ ಯಾರೆಂದು ಕೇಳಬೇಡಿ. ಮದುವೆಯ ದಿನ ಪ್ರೀತಿ ಹೆಚ್ಚಾಗಿ ನನ್ನ ಹೆಸರು ಸೇರಿಸಿದ್ದೆ. ಆಧಾರ್ ಮಾಡಿಸುವಾಗ ಊರವರಿಗೆ ಸುಲಭವಾಗಲಿ ಎಂದುಕೊಂಡಿದ್ದೆ. ಮಗಳು ಹುಟ್ಟಿದಾಗ ತಾಯಿಯಾದಳಲ್ಲ, ಗೌರವಕ್ಕಿರಲಿ ಎಂದು ಒಂದು 'ಅಮ್ಮ' ಸೇರಿಸಿದ್ದೆ.

"ಈ ಕಾಗದಗಳ ಪ್ರಕಾರ ನಿಮಗೆ ಐದು ಜನ ಹೆಂಡತಿಯರು ನಾಗರಾಜ್" ಎಂದರು ಮೇಡಂ.

"ಐದೂ ನಾನೇ ಮೇಡಂ" ಎಂದಳು ಗ್ಲೋರಿಯಾ. "ಆದ್ರೆ ಅಡುಗೆಗೆ ಮಾತ್ರ ಒಬ್ಳೇ."

ಮೇಡಂ ಮುಖ ಸ್ವಲ್ಪ ಸಡಿಲವಾಯಿತು. "ಮದುವೆ ಆದ್ಮೇಲೆ ಹೆಸರು ಬದಲಾಗಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ರೆ ರುಜುವಾತು ಬೇಕು. ನೋಟರಿ ಹತ್ರ ಅಫಿಡವಿಟ್ ಮಾಡಿಸಿ, ಪೇಪರಲ್ಲಿ ಪ್ರಕಟಣೆ ಹಾಕ್ಸಿ ತನ್ನಿ."

"ಮೇಡಂ, ನಾನು ನಿಜವಾಗ್ಲೂ..." ಎಂದು ಗ್ಲೋರಿಯಾ ಬಾಯಿ ತೆರೆದಳು.

"ನೀನು ಸುಮ್ನಿರು, ನಾನು ಮಾತಾಡ್ತೀನಿ!" ಎಂದು ಅವಳನ್ನು ತಡೆದು, ಮೇಡಂಗೆ ಕೈಮುಗಿದು ಹೊರಗೆ ಬಂದೆ. ಪೇಪರಿನಲ್ಲಿ ನಮ್ಮ ಮನೆಯ ಹೆಸರು ಬರುವುದೆಂದರೆ ಸಾಮಾನ್ಯವೇ? ಮೈಯೆಲ್ಲ ಪುಳಕ!

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಜಾಹೀರಾತು ತೆಗೆದುಕೊಳ್ಳುವ ಅಂಗಡಿಗೆ ಹೋದೆ. ಅಂಗಡಿಯವನೊಂದು ಹಾಳೆ ಕೊಟ್ಟ. ಅರ್ಜಿದಾರರ ಹೆಸರು ಎಂದಿದ್ದ ಕಡೆ ನನ್ನದು ಬರೆದೆ. ಅಂಗಡಿಗೆ ಬಂದಿದ್ದವನು ನಾನೇ ತಾನೆ? ಹೊಸ ಹೆಸರು ಎಂದಿದ್ದ ಕಡೆ ಗ್ಲೋರಿಯಾ ಮಧುರೆ ಎಂದು ಮುತ್ತು ಪೋಣಿಸಿದ ಹಾಗೆ ಬರೆದೆ.

"ಒಂದ್ಸಲ ಓದ್ಕೊಳ್ಳಿ ಸಾರ್" ಎಂದ ಅಂಗಡಿಯವನು.

"ನಾನು ಬರೆದದ್ದನ್ನ ನಾನೇ ಯಾಕೆ ಓದ್ಲಿ?" ಎಂದೆ.

ಪ್ರಕಟಣೆ ಬರುವ ದಿನ ಬೆಳಗ್ಗೆಯೇ ಎದ್ದು ಒಂದು ಕಂತೆ ಪೇಪರು ಕೊಂಡೆ. ಅವ್ವನಿಗೊಂದು, ಪಕ್ಕದ ಮನೆ ಶಿವಣ್ಣನಿಗೊಂದು, ಟೀ ಅಂಗಡಿಗೊಂದು, ಡೇರಿಗೊಂದು. ಎಲ್ಲರಿಗೂ ಹಂಚಿ, "ಒಳಗಡೆ ನೋಡಿ, ನಮ್ಮನೇದು ಬಂದೈತೆ!" ಎಂದು ಹೇಳಿಕೊಂಡು ಬಂದೆ. ಶಿವಣ್ಣ ಟೀ ಅಂಗಡಿಯ ಬೆಂಚಿನ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಓದಿದ.

"ಮಧುರೆ ಗ್ರಾಮದ ವಾಸಿ, ಬೈರಪ್ಪನವರ ಮಗನಾದ ಎಂ.ಬಿ. ನಾಗರಾಜ ಎಂಬ ನಾನು, ಇನ್ನು ಮುಂದೆ ನನ್ನ ಎಲ್ಲಾ ವ್ಯವಹಾರಗಳಲ್ಲಿಯೂ ಗ್ಲೋರಿಯಾ ಮಧುರೆ ಎಂದೇ ಕರೆಯಲ್ಪಡುತ್ತೇನೆ."

ಟೀ ಅಂಗಡಿಯವನ ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು.

"ಏನ್ ಗುರು ಇದು?" ಎಂದ ಶಿವಣ್ಣ. "ಯಾವಾಗಿಂದ?"

ಮನೆಗೆ ಓಡಿದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮಪ್ಪ ಇಟ್ಟ ಹೆಸ್ರಿಗೆ ಏನ್ಲಾ ಬಂದಿತ್ತು ದೊಡ್ ರೋಗ?" ಗ್ಲೋರಿಯಾ ಮಾತ್ರ ಅಡುಗೆಮನೆಯಲ್ಲಿ ಗೋಡೆಗೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ನೆಲಕ್ಕೆ ಕುಸಿದಿದ್ದಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು! ಅಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದು, "ಗುಡ್ ಮಾರ್ನಿಂಗ್ ಗ್ಲೋರಿಯಾ ಮೇಡಂ" ಎಂದ.

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಅದೇ ವಾರ ಅರ್ಜಿಯ ವಿಚಾರಣೆಗೆ ಪೊಲೀಸಿನವರು ಬಂದರು. ಕಾನ್‌ಸ್ಟೇಬಲ್ ಟೀ ಅಂಗಡಿಯಲ್ಲಿ ಬೈಕ್ ನಿಲ್ಲಿಸಿ, ಗ್ಲೋರಿಯಾ ಎಂಬುವವರ ಮನೆ ಎಲ್ಲಿ ಎಂದು ಕೇಳಿದರಂತೆ. ಶಿವಣ್ಣ, "ಓ, ಅದಾ ಸಾ? ನಮ್ಮ ನಾಗ. ಪೇಪರಾಗೇ ಹಾಕ್ಸವ್ನೆ" ಎಂದು ಪೇಪರನ್ನೂ ಕೈಗಿಟ್ಟು ಕಳಿಸಿದ.

ನಾನು ಲುಂಗಿ ಎತ್ತಿ ಕಟ್ಟಿ ಬೈಕು ತೊಳೆಯುತ್ತಿದ್ದೆ.

"ಗ್ಲೋರಿಯಾ ನೀವೇನಾ?"

ಖಾಕಿ ನೋಡಿದರೆ ನನಗೆ ಕಿವಿ ಅರ್ಧ ಮುಚ್ಚುತ್ತದೆ. ಗ್ಲೋರಿಯಾ ನಿಮ್ಮನೇವ್ರೇನಾ ಎಂದು ಕೇಳಿದ ಹಾಗಾಯಿತು. "ಹೌದು ಸಾರ್!" ಎಂದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. "ಹುಟ್ಟಿದ್ದು ಫಿಲಿಪ್ಪೀನ್ಸ್‌ನಲ್ಲಿ?"

"ಹೌದು ಸಾರ್."

"ಕನ್ನಡ ಭಾಳ ಚೆನ್ನಾಗಿ ಮಾತಾಡ್ತೀರಲ್ರೀ!"

"ಇಲ್ಲೇ ಹುಟ್ಟಿ ಬೆಳೆದೋನು ಸಾರ್."

ಬರೆಯುತ್ತಿದ್ದ ಪೆನ್ನು ನಿಂತಿತು. "ನಿಮ್ಮ ಯಜಮಾನ್ರು ಎಲ್ಲಿ?"

"ನಾನೇ ಸಾರ್ ಯಜಮಾನ!"

ಅಷ್ಟರಲ್ಲಿ ಗ್ಲೋರಿಯಾ ಹೊರಗೆ ಬಂದಳು. "ಬನ್ನಿ ಸಾ, ಕುತ್ಕಳಿ. ಬಿಸ್ಲಾಗೆ ಬಂದಿದೀರಿ, ಮಜ್ಜಿಗೆ ಕೊಡ್ಲಾ?" ಎಂದಳು. ಕಾನ್‌ಸ್ಟೇಬಲ್ ಅವಳ ಮುಖ ನೋಡಿದರು, ಮಾತು ಕೇಳಿದರು, ನನ್ನ ಮುಖ ನೋಡಿದರು. ಮಜ್ಜಿಗೆ ಗಟಗಟ ಕುಡಿದು, "ನೀವಿಬ್ರೂ ಅರ್ಜಿ ನೋಡೋ ಆಫೀಸಿಗೇ ಹೋಗಿ ಹೇಳ್ಬಿಡಿ. ಇದು ನನ್ನ ಕೈಲಾಗಲ್ಲ" ಎಂದು ಹೊರಟುಹೋದರು.

ಸಂಜೆ ಗ್ಲೋರಿಯಾ ನಗಲಿಲ್ಲ. ಜಗಲಿಯ ಮೇಲೆ ತನ್ನ ಪಾಸ್‌ಪೋರ್ಟು ಹಿಡಿದು ಕೂತಿದ್ದಳು. ಅರ್ಜಿ ತಿರಸ್ಕೃತವಾದರೆ ಏನು ಗತಿ ಎಂದು ನನಗೂ ಒಳಗೊಳಗೇ ಚಿಂತೆ. ಪಕ್ಕದಲ್ಲಿ ಕೂತೆ.

"ರೀ, ಈ ಪಾಸ್‌ಪೋರ್ಟ್ ಕೊಟ್ಬಿಟ್ರೆ ಇನ್ಮೇಲೆ ನಮ್ಮೂರಿಗೆ ನಾನು ನೆಂಟ್ರ ಥರ ಹೋಗ್ಬೇಕು. ಅದಕ್ಕೆ ಒಪ್ಕೊಂಡಿದೀನಿ. ನೀವು, ಮಗಳು, ಅತ್ತೆ, ಎಲ್ಲಾ ಇಲ್ಲೇ ಇದೀರಿ. ಆದ್ರೆ ರೇಯೆಸ್ ಅನ್ನೋದು ನಮ್ಮಮ್ಮನ ಕಡೆ ಹೆಸ್ರು. ಸಾಂತೋಸ್ ನಮ್ಮಪ್ಪಂದು. ಇಷ್ಟು ದೂರ ಬರುವಾಗ ನಾನು ಹೊತ್ಕೊಂಡು ಬಂದಿದ್ದು ಅವೆರಡೇ. ಅದನ್ನೂ ಬಿಡು ಅಂತ ಯಾರೂ ಕೇಳಿಲ್ಲ. ನೀವೇ ಕೇಳ್ತಿರೋದು."

"ತಪ್ಪು ನಂದೇ" ಎಂದೆ. ಮದುವೆಯಾದಂದಿನಿಂದ ಅದೇ ಮೊದಲ ಸಲ.

ಮಾರನೆಯ ದಿನ ಕಚೇರಿಗೆ ಹೋದೆವು. ಮೇಡಂ ಎದುರಿಗೆ ಪೇಪರಿನ ಪ್ರಕಟಣೆ ಇತ್ತು. ನಾನು ಗಂಟಲು ಸರಿಮಾಡಿಕೊಂಡು, "ಮೇಡಂ, ವಿಷಯ ಏನಪ್ಪಾ ಅಂದ್ರೆ..." ಎಂದು ಆರಂಭಿಸಿದೆ.

"ನೀವು ಕೂತ್ಕೊಳ್ಳಿ" ಎಂದರು ಮೇಡಂ. "ನಾನು ಅವರನ್ನ ಕೇಳ್ತೀನಿ. ಹೇಳಿಮ್ಮಾ, ಮದುವೆ ಆದ್ಮೇಲೆ ನೀವು ಹೆಸರು ಬದಲಾಯಿಸ್ಕೊಂಡ್ರಾ?"

"ಇಲ್ಲ ಮೇಡಂ. ನಾನು ಯಾವತ್ತೂ ಬದಲಾಯಿಸ್ಲಿಲ್ಲ. ಬದಲಾಯಿಸಿದ್ದೆಲ್ಲಾ ಇವ್ರೇ."

"ನಿಮಗೆ ಯಾವ ಹೆಸರು ಬೇಕು?"

"ಪಾಸ್‌ಪೋರ್ಟಲ್ಲಿ ಇರೋದೇ."

"ಹಾಗಾದ್ರೆ ಗಂಡನ ಹೆಸರು ಸೇರಿಸ್ಲೇಬೇಕು ಅಂತ ನಿಮಗೆ ಹೇಳಿದ್ಯಾರು?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ಗಮನಿಸಿದೆ.

ಕೊನೆಗೆ ತೀರ್ಮಾನವಾದದ್ದು ಇಷ್ಟು. ಹೆಸರು ಬದಲಾವಣೆ ಎಂಬುದನ್ನೇ ಅರ್ಜಿಯಿಂದ ತೆಗೆದುಹಾಕುವುದು. ಆಧಾರ್, ಮದುವೆ ಪತ್ರ, ಮಗಳ ಪ್ರಮಾಣಪತ್ರ ಎಲ್ಲವನ್ನೂ ಪಾಸ್‌ಪೋರ್ಟಿನಂತೆ ತಿದ್ದಿಸುವುದು. ಮತ್ತು ನಾನು ನೋಟರಿಯ ಮುಂದೆ ನಿಂತು ಒಂದು ಪ್ರಮಾಣ ಮಾಡುವುದು: ಸದರಿ ಐದೂ ಹೆಸರುಗಳು ನನ್ನ ಒಬ್ಬಳೇ ಧರ್ಮಪತ್ನಿಗೆ ಸಂಬಂಧಿಸಿದ್ದು, ಪಾಸ್‌ಪೋರ್ಟಿನದನ್ನು ಬಿಟ್ಟು ಉಳಿದವನ್ನೆಲ್ಲ ನಾನು ಯಾರ ಬಲವಂತವೂ ಇಲ್ಲದೆ, ಕೇವಲ ನನ್ನ ಸ್ವಂತ ಬುದ್ಧಿಯಿಂದ ಬರೆಸಿರುತ್ತೇನೆ. ನೋಟರಿ ಅದನ್ನು ಗಟ್ಟಿಯಾಗಿ ಓದಿಸಿದರು. 'ಸ್ವಂತ ಬುದ್ಧಿ' ಎಂಬಲ್ಲಿಗೆ ಬಂದಾಗ ಟೈಪಿಸ್ಟ್ ಎದ್ದು ಹೊರಗೆ ಹೋದ. ನಾನು ಮತ್ತೆ ಎಂ.ಬಿ. ನಾಗರಾಜನೇ ಎಂದು ಸಾರುವ ಇನ್ನೊಂದು ಪ್ರಕಟಣೆಯೂ ಪೇಪರಿನಲ್ಲಿ ಬಂತು. ಅದನ್ನು ಬರೆದವಳು ಗ್ಲೋರಿಯಾ. ಒಂದಕ್ಷರ ತಪ್ಪಿರಲಿಲ್ಲ.

ಆಮೇಲೆ ಕಾದೆವು. ಮಳೆಗಾಲ ಬಂತು, ಹೋಯಿತು. ರಾಗಿ ಕೊಯ್ಲೂ ಮುಗಿಯಿತು. ಅವ್ವ ದಿನಾ, "ನಮ್ಮ ಗೌರಿ ಇನ್ನೂ ನಮ್ಮೋಳು ಆಗ್ಲಿಲ್ವೇನ್ಲಾ?" ಎಂದು ಕೇಳುತ್ತಿದ್ದಳು. ಕೊನೆಗೊಂದು ದಿನ ಪ್ರಮಾಣವಚನಕ್ಕೆ ಬನ್ನಿ ಎಂದು ಕರೆ ಬಂತು. ಅವ್ವ ತನ್ನ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಸೊಸೆಗೆ ಉಡಿಸಿದಳು. ಗ್ಲೋರಿಯಾ ನೆಟ್ಟಗೆ ನಿಂತು ಕನ್ನಡದಲ್ಲೇ ಪ್ರಮಾಣ ಓದಿದಳು. "ಗ್ಲೋರಿಯಾ ರೇಯೆಸ್ ಸಾಂತೋಸ್ ಎಂಬ ನಾನು" ಎಂದಾಗ ಅವಳ ದನಿ ಸ್ವಲ್ಪ ಅಲುಗಿತು. ನನ್ನ ಕಣ್ಣು ತುಂಬಿ ಬಂತು. ಮೇಡಂ ಕೈಕುಲುಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಾಲ್ಕು ಮಾತಾಡಲು ಎದ್ದೆ. ಅವ್ವ ಶರ್ಟು ಹಿಡಿದು ಕೂರಿಸಿದಳು.

ಈಗ ಅವಳು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕಳೆದ ಭಾನುವಾರ ಜಗಲಿಯ ಮೇಲೆ ಕೂತು, ಹೊಸ ಭಾರತೀಯ ಪಾಸ್‌ಪೋರ್ಟಿಗೆ ಮೊಬೈಲಿನಲ್ಲಿ ಅರ್ಜಿ ತುಂಬುತ್ತಿದ್ದಳು. ನನಗೆ ಉತ್ಸಾಹ ತಡೆಯಲಾಗಲಿಲ್ಲ. ಪಕ್ಕದಲ್ಲಿ ಹೋಗಿ ಕೂತು, "ನಾನೇನಾದ್ರೂ ಸಹಾಯ ಮಾಡ್ಲಾ?" ಎಂದೆ.

ಅವಳು ಮೊಬೈಲನ್ನು ನಿಧಾನವಾಗಿ ಇನ್ನೊಂದು ಕೈಗೆ ಬದಲಾಯಿಸಿದಳು. "ಮಾಡಿ. ರಸ್ತೆ ಹತ್ರ ಹೋಗಿ ಒಂದು ಎಳನೀರು ತನ್ನಿ."

ಇಂಥ ಜವಾಬ್ದಾರಿಯನ್ನು ನನ್ನಷ್ಟು ಸಮರ್ಥವಾಗಿ ಯಾರು ನಿಭಾಯಿಸಬಲ್ಲರು! ಓಡಿ ಹೋಗಿ, ಇದ್ದುದರಲ್ಲೇ ದೊಡ್ಡದನ್ನು ಆರಿಸಿ, ನೀರು ತುಂಬಿರುವುದೇ ಬೇಕೆಂದು ಜಗಳವಾಡಿ ಕೆತ್ತಿಸಿಕೊಂಡು ಬಂದೆ.

ಅವಳಿಗೆ ಬೇಕಾಗಿದ್ದದ್ದು ನೀರಲ್ಲವಂತೆ, ಒಳಗಿನ ಗಂಜಿಯಂತೆ.