ಬಾಯಿ ಮುಚ್ಚದ ಮೌಂಟ್ ಅವರಿಗೆ, ಅವ್ವನ ಮನೆಯಿಂದ

ಕಾಮಯಗೌಂಡನ್‌ಪಟ್ಟಿ,
ಗೃಹಪ್ರವೇಶದ ಮಾರನೆಯ ವಾರ

ಶ್ರೀಮಾನ್ ರೂಟರ್ ಮೌಂಟ್ ಅವರ ಸನ್ನಿಧಿಗೆ,
ಕಪ್ಪು ಪ್ಲಾಸ್ಟಿಕ್, ನಿವೃತ್ತರು

ಮಾನ್ಯರೇ,

ತಮ್ಮ ಎರಡೂ ಕಿವಿಗಳಿಗೆ, ನಾಲ್ಕೂ ಬೋಲ್ಟುಗಳಿಗೆ, ಅವುಗಳ ಪೈಕಿ ಥ್ರೆಡ್ ಸವೆದ ಆ ನಾಲ್ಕನೆಯದಕ್ಕೆ ವಿಶೇಷವಾಗಿ, ಅಮುದಾ ಎಂಬ ನನ್ನ ಅನಂತ ನಮಸ್ಕಾರಗಳು. ಇಲ್ಲಿ ನಾನು, ನನ್ನ ಅವ್ವ ಪಿಚ್ಚೈಯಮ್ಮಾಳ್, ಅಪ್ಪ ರಾಮರ್ ಎಲ್ಲರೂ ಕ್ಷೇಮ. ತಾವು ಕ್ಷೇಮವಾಗಿಲ್ಲ ಎಂಬುದು ಗೊತ್ತಿದ್ದೂ ಕೇಳುವುದು ಪದ್ಧತಿಯಾದ್ದರಿಂದ ಕೇಳುತ್ತಿದ್ದೇನೆ. ಬರಹದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆಡುವ ಕನ್ನಡ ನೂರಾರು ವರ್ಷ ಹಳೆಯದಾದರೂ ನಾನು ಬರೆಯುವ ಕನ್ನಡಕ್ಕೆ ಇನ್ನೂ ಎರಡೇ ವರ್ಷ, ಅದೂ ಫೋನು ನೋಡಿಕೊಂಡು ಕಲಿತದ್ದು. ತಮಿಳುನಾಡಿನ ಈ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡದಲ್ಲೇ ಜಗಳವಾಡುತ್ತಾರೆ, ಆದರೆ ಅಕ್ಷರ ಓದಬಲ್ಲವಳು ನಾನೊಬ್ಬಳೇ.

ಮೊದಲು ತಮ್ಮ ಸೇವೆಯನ್ನು ಹೊಗಳಬೇಕು, ಏಕೆಂದರೆ ಬೈಯುವ ಮುನ್ನ ಹೊಗಳುವುದು ನಾನು ಪೋಷಕರ ಸಭೆಗಳಲ್ಲಿ ಕಲಿತ ವಿದ್ಯೆ. ಉತ್ತಮಪಾಳಯಂನಲ್ಲಿ ಗಣಿತ ಪಾಠ ಮಾಡಿ ಟೌನ್ ಬಸ್ಸಿನಲ್ಲಿ ಮರಳಿದ ಮೇಲೆ ನನಗಿರುವ ಒಂದೇ ಚಟವೆಂದರೆ, ಖಾಲಿ ದ್ರಾಕ್ಷಿ ಕ್ರೇಟುಗಳ ನಡುವೆ ಕೂತಿರುವ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೆತ್ತುವ, ಮೇಜಿನಷ್ಟು ಅಗಲದ ಒಂದು ಯಂತ್ರ. ಅದರಲ್ಲಿ ಗರಗರ ತಿರುಗಿ ಮರ ಕೊರೆಯುವ ಮೋಟಾರಿಗೆ ರೂಟರ್ ಎಂದು ಹೆಸರು. ಇಂಟರ್‌ನೆಟ್ಟಿನ ರೂಟರ್ ಬೇರೆ ಎಂದು ಎಷ್ಟು ಹೇಳಿದರೂ ಪಕ್ಕದ ಮನೆಯ ಕಾಮಾಕ್ಷಿಯಮ್ಮಾಳ್ ಇಂದಿಗೂ ಅದರ ಪಾಸ್‌ವರ್ಡ್ ಕೇಳುತ್ತಿರುತ್ತಾರೆ. ಆ ರೂಟರನ್ನು ಉಂಗುರದಂತೆ ಸುತ್ತುವರಿದು, ಅಲುಗಾಡದಂತೆ ಹಿಡಿದಿರುವುದು ತಮ್ಮ ಏಕೈಕ ಉದ್ಯೋಗ. ಮೂರು ವರ್ಷ ಹಿಡಿದಿರಿ. ಕಂಬಂನ ಅರ್ಧ ಅಂಗಡಿಗಳ ತಮಿಳು ಹೆಸರುಗಳನ್ನು ನಾವಿಬ್ಬರೂ ಸೇರಿ ಕೆತ್ತಿದೆವು, ಒಬ್ಬರೂ ಒಂದು ದೂರು ಹೇಳಲಿಲ್ಲ.

ಇನ್ನು ನನ್ನ ಅವ್ವನ ವಿಷಯಕ್ಕೆ ಬರೋಣ. ಮೂವತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ ಗೊಂಚಲು ತಿದ್ದುವ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿ ದುಡಿದು, ತನ್ನ ಹೆಸರಿನಲ್ಲೇ ಪಟ್ಟಾ ಮಾಡಿಸಿಕೊಂಡ ಜಾಗದಲ್ಲಿ ಅವಳು ಎರಡು ಕೋಣೆಯ ಮನೆ ಕಟ್ಟಿಸಿದಳು. ಹುಟ್ಟಿದ್ದು ಅವಳ ಅಪ್ಪನ ಮನೆಯಲ್ಲಿ, ಬಾಳಿದ್ದು ನನ್ನ ಅಪ್ಪನ ಮನೆಯಲ್ಲಿ, ಇದೊಂದು ಅವಳದು. ಬೀದಿಯವರೆಲ್ಲ ಅವಳನ್ನು ಅವ್ವ ಎಂದೇ ಕರೆಯುವುದರಿಂದ ಬಾಗಿಲ ಮೇಲೆ ‘ಅವ್ವನ ಮನೆ’ ಎಂದು ಹಲಗೆ ಹಾಕಬೇಕು, ಅದೂ ತಾನು ಆಡುವ ಮಾತಿನ ಅಕ್ಷರದಲ್ಲೇ ಇರಬೇಕು, ತನ್ನ ಮಾತಿಗೆ ಮುಖ ಹೇಗಿದೆಯೆಂದು ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂದಳು. ಜೀವನದಲ್ಲಿ ಅವಳು ನನ್ನಿಂದ ಕೇಳಿದ್ದು ಇದೊಂದನ್ನೇ. ಶುಕ್ರವಾರ ಗೃಹಪ್ರವೇಶ, ಅದಕ್ಕೆ ಒಂಬತ್ತು ದಿನ ಮುಂಚೆ, ಒಳ್ಳೆಯ ತೇಗದ ಹಲಗೆಯೊಂದನ್ನು ನಂಬಿಕೆಯಿಂದ ತಮ್ಮ ಕೆಳಗೆ ಇಟ್ಟೆ.

ತಾವು ಮಾಡಿದ್ದೇನು? ಕನ್ನಡದ ‘ವ’ ಅಕ್ಷರ ಮೇಲೆ ಮುಚ್ಚಿಕೊಂಡಿರಬೇಕು, ಅದು ಬಾಯಿ ಬಿಟ್ಟರೆ ‘ಪ’ ಆಗುತ್ತದೆ. ಎರಡಕ್ಕೂ ಇರುವ ಅಂತರ ಒಂದು ನೂಲು. ಬೋಲ್ಟು ಕೂರುವ ತಮ್ಮ ಎಡಗಿವಿಯ ಬುಡದಲ್ಲಿ ಬಿರುಕು ಬಿಟ್ಟು, ಹಿಡಿತ ಸಡಿಲವಾಗಿ, ರೂಟರ್ ತಿರುವು ಬಂದಲ್ಲೆಲ್ಲ ಒಂದು ನೂಲಿನಷ್ಟು ಓಲಾಡುತ್ತಿತ್ತು ಎಂಬುದನ್ನು ಮೂರು ತಿಂಗಳಿಂದ ನನ್ನಿಂದ ಮುಚ್ಚಿಟ್ಟಿದ್ದಿರಿ. ತಮಿಳಿನ ‘ಪ’ ಹುಟ್ಟಿನಿಂದಲೇ ಬಾಯಿ ತೆರೆದ ಚೌಕವಾದ್ದರಿಂದ ಅದರಲ್ಲಿ ತಮ್ಮ ಗುಟ್ಟು ರಟ್ಟಾಗಲಿಲ್ಲ. ನಮ್ಮ ಅಕ್ಷರಗಳೋ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕಾದವು, ಒಂದೂ ಸೇರಲಿಲ್ಲ. ‘ಮ’ ಕೂಡ ಬಾಯಿ ತೆರೆದಿತ್ತು, ಆದರೆ ಹಾಗೆ ತೆರೆದರೆ ಅದಕ್ಕೆ ಬೇರೆ ಅರ್ಥವೇನೂ ಇಲ್ಲವಾದ್ದರಿಂದ ಕ್ಷಮಿಸಿದೆ. ಮೇಲಿನ ‘ವ’ ಮತ್ತು ಅದರ ಕೆಳಗಿನ ಒತ್ತು ಎರಡೂ ತಮ್ಮಂತೆಯೇ ಬಾಯಿ ಬಿಟ್ಟು ಕೂತಿದ್ದವು. ಹೊಟ್ಟು ಊದಿ ನೋಡಿದರೆ ತೇಗದ ಮೇಲೆ ಅಂದವಾಗಿ ಮೂಡಿದ್ದು: ‘ಅಪ್ಪನ ಮನೆ’.

ಮಾನ್ಯರೇ, ದೂರು ಕೊಡುವವಳು ತನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಓದುವವರು ಯಾರಿದ್ದಾರೆ ಎಂದು ನಾನೂ ಲೆಕ್ಕ ಹಾಕಿದೆ. ಬೇರೆ ತೇಗ ತರಬೇಕು, ತಮ್ಮನ್ನು ಬದಲಿಸಬೇಕು, ಶಾಲೆಗೆ ರಜೆ ಹಾಕಬೇಕು. ಯಾರಿಗೆ ಬೇಕು ಈ ರಾಮಾಯಣ ಎಂದುಕೊಂಡು ಹಲಗೆಗೆ ವಾರ್ನಿಷ್ ಬಳಿದು ಅವ್ವನ ಮುಂದೆ ಇಟ್ಟೆ. ಮಗಳು ಅವ್ವನಿಗೆ ಹೀಗೆ ಮಾಡಬಾರದಿತ್ತು. ನಾಚಿಕೆಯಾಗುತ್ತದೆ.

ಅಪ್ಪ ತೋಟಕ್ಕೆ ನೀರು ಹಾಯಿಸಲು ಹೋಗಿದ್ದ. ಅವ್ವ ಕೈ ತೊಳೆದು ಬಂದು, ಸೆರಗಿನಲ್ಲಿ ಒರೆಸಿಕೊಂಡು, ಹಲಗೆಯ ಮುಂದೆ ಕೂತು ಒಂದೊಂದೇ ಅಕ್ಷರದ ತಗ್ಗಿನಲ್ಲಿ ಬೆರಳು ಓಡಿಸಿದಳು. ನಾವು ರಂಗೋಲಿಗೆ ಕೋಲ ಎನ್ನುತ್ತೇವೆ. ಚುಕ್ಕಿಗಳನ್ನು ಸುತ್ತಿ ಬರುವ ಗೆರೆ, ನಮ್ಮ ಮಾತಲ್ಲಿ ಕಂಬಿ, ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳದಿದ್ದರೆ ಆ ಕೋಲ ಕೋಲವೇ ಅಲ್ಲ, ಅಳಿಸಿ ಮತ್ತೆ ಹಾಕಬೇಕು. ಐವತ್ತು ವರ್ಷ ದಿನವೂ ಕೋಲ ಹಾಕಿದ ಬೆರಳು ಎರಡನೆಯ ಅಕ್ಷರದ ಮೇಲೆ ನಿಂತುಬಿಟ್ಟಿತು.

“ಕಂಬಿ ಸೇರ್ಲಿಲ್ಲ ತಾಯಿ. ಬಾಯಿ ತೆರಕೊಂಡೇ ಅದೆ. ಹಿಂಗಿದ್ರೆ ಏನಂತ ಓದ್ತಾರೆ?” ಅವ್ವ ನನ್ನನ್ನು ಕರೆಯುವುದೇ ತಾಯಿ ಎಂದು.

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅಪ್ಪನ ಮನೆ ಎಂದು ಓದುತ್ತಾರೆ ಎಂದೆ. ಅವ್ವ ಬೆರಳನ್ನು ತೆಗೆಯಲೇ ಇಲ್ಲ.

“ಅಪ್ಪನ ಮನೇಲಿ ತಾನೇ ಇಷ್ಟು ಕಾಲ ಇದ್ದೆ. ಇನ್ನೂ ಎಷ್ಟು ದಿನ ತಾಯಿ?”

ಅಂದೇ ತಮ್ಮ ನಿವೃತ್ತಿಯ ತೀರ್ಮಾನವಾಯಿತು. ತಮ್ಮ ಮೇಲಿನ ಗೌರವದಿಂದ, ತಮ್ಮ ಉತ್ತರಾಧಿಕಾರಿಯನ್ನು ತಾವೇ ಕೆತ್ತಿಕೊಡಬೇಕೆಂದು ಗಟ್ಟಿ ಪ್ಲೈವುಡ್ ತುಂಡೊಂದನ್ನು ತಮ್ಮ ಕೆಳಗೆ ಇಟ್ಟೆ. ತಾವು ಮನಸ್ಸಿಟ್ಟು ಕೆತ್ತಿದಿರಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವ ಹಾಗೆ, ದುಂಡಗಿರಬೇಕಾದ ರಂಧ್ರ ಕೋಳಿಮೊಟ್ಟೆಯಾಗಿ ಬಂತು. ರೂಟರ್ ಅದರಲ್ಲಿ ಇಳಿಯಲು ಖಡಾಖಂಡಿತವಾಗಿ ನಿರಾಕರಿಸಿತು. ಕೊನೆಗೆ ಭಾನುವಾರ ತಮ್ಮನ್ನು ಬಿಚ್ಚಲು ಕೂತೆ. ಮೂರು ಬೋಲ್ಟು ಬಂದವು, ನಾಲ್ಕನೆಯದು ಜಾಗ ಬಿಡದೆ ಸುಮ್ಮನೆ ಸುತ್ತುತ್ತಲೇ ಇತ್ತು. ಅಧಿಕಾರ ಬಿಡಲು ಇಷ್ಟು ಕಷ್ಟಪಡುವವರನ್ನು ನಾನು ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಮಾತ್ರ ಕಂಡಿದ್ದೆ. ಇಕ್ಕಳದಲ್ಲಿ ಹಿಡಿದು ಎಳೆದು, ತಮ್ಮನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮಾರನೆಯ ದಿನ ರಜೆ ಹಾಕಿ ಥೇಣಿ ದಾಟಿ ದಿಂಡುಗಲ್‌ಗೆ ಬಸ್ಸು ಹತ್ತಿದೆ. ಒಬ್ಬರ ಬಾಯಿ ಮುಚ್ಚಿಸಲು ಬೀಗಕ್ಕೆ ಹೆಸರಾದ ಊರಿಗೇ ಹೋಗಬೇಕಾಯಿತು ನೋಡಿ.

ಅಲ್ಲಿ ಲೇತ್ ಅಂಗಡಿಯ ತಮಿಳ್‌ಸೆಲ್ವನ್, ತಲೆಮಾರಿನಿಂದ ಬೀಗ ಮಾಡಿದ ಮನೆತನದವರು, ತಮ್ಮ ಬಿರುಕಿನೊಳಗೆ ಉಗುರು ತೂರಿಸಿ ನೋಡಿ, ಇದನ್ನು ರಿಪೇರಿಗೆ ತಂದಿದ್ದೀರೋ ಕರ್ಮಾಂತರಕ್ಕೋ ಎಂದು ಕೇಳಿದರು. ಮೂರನೆಯ ದಿನ ಅವರು ತಮ್ಮ ಅಳತೆಗೇ ಮಾಡಿ, ಕಂಬಂ ಬಸ್ಸಿನಲ್ಲಿ ತಮ್ಮ ಜೊತೆಗೇ ಕಳಿಸಿಕೊಟ್ಟ ಅಲ್ಯೂಮಿನಿಯಂ ಮೌಂಟು ಬಂತು. ಅದು ರೂಟರನ್ನು ಹಿಡಿದ ಹಿಡಿತ ನೋಡಿ ನನಗೇ ಉಸಿರು ಕಟ್ಟಿತು. ಮೂಲೆಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಿ, ನಾಲ್ಕು ಹೊಸ ಬೋಲ್ಟು ಬಿಗಿದು, ಗುರುವಾರ ಹೊಸ ತೇಗದ ಮೇಲೆ ಮತ್ತೆ ಕೆತ್ತಿದೆ. ಶುಕ್ರವಾರ ಹಲಗೆ ಬಾಗಿಲ ಮೇಲೇರುವ ಮುನ್ನ ಅವ್ವ ‘ವ’ದ ಸುತ್ತ ಬೆರಳು ಓಡಿಸಿದಳು, ಹೊರಟಲ್ಲಿಗೆ ಬಂದಳು, ಇನ್ನೊಂದು ಸುತ್ತು ಹೋಗಿ ಬಂದಳು, ಹಾಲುಕ್ಕಿಸಲು ಒಳಗೆ ಹೋದಳು. ನಾನು ಹೊರಗೆ ನಿಂತು ಅತ್ತೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳೇನೆಂದರೆ, ಹಿಂದೆ ತಾವು ಕೆತ್ತಿದ ಅಂಗಡಿ ಹಲಗೆಗಳನ್ನೆಲ್ಲ ಖುದ್ದಾಗಿ ಹೋಗಿ ಪರಿಶೀಲಿಸಿ ವರದಿ ಕೊಡಬೇಕು. ಹಾಳಾದ ತೇಗವನ್ನು ಮತ್ತೆ ಮರವಾಗಿ ಬೆಳೆಸಿಕೊಡಬೇಕು. ಮುಂದಿನ ಜನ್ಮದಲ್ಲಿ ಬಿರುಕು ಬಿಡುವ ಮುನ್ನ ಒಂದು ತಿಂಗಳ ನೋಟೀಸು ನೀಡಬೇಕು. ಅಷ್ಟಾದರೆ ನನಗೆ ತಮ್ಮ ಮೇಲೆ ಕೋಪವಿಲ್ಲ. ಬಾಯಿ ಬಿಟ್ಟವರು ತಾವು, ಮುಚ್ಚಿಡಲು ಹೊರಟವಳು ನಾನು. ಇಬ್ಬರೂ ಒಟ್ಟಿಗೇ ಸಿಕ್ಕಿಬಿದ್ದೆವು.

ಸಡಿಲವಿಲ್ಲದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಅಮುದಾ

ತಾ.ಕ.: ಹಳೆಯ ಹಲಗೆಯನ್ನು ಒಲೆಗೆ ಹಾಕಲು ಹೊರಟಿದ್ದೆ, ಅವ್ವ ಬಿಡಲಿಲ್ಲ. ಅಪ್ಪ ಮಧ್ಯಾಹ್ನವೆಲ್ಲ ಕಾಲು ಚಾಚಿ ಮಲಗುವ ತೋಟದ ಮೋಟಾರ್ ಕೊಠಡಿಯ ಬಾಗಿಲಿಗೆ ತಾನೇ ಮೊಳೆ ಹೊಡೆದು ತಗುಲಿಸಿದಳು. ಒಳಗಿನ ಗೋಡೆಯಲ್ಲಿ ಅಪ್ಪನ ಟಾರ್ಚು ಹಿಡಿದುಕೊಂಡಿರುವ ಕೆಲಸಕ್ಕೆ ತಮ್ಮನ್ನು ನೇಮಿಸಿದವಳೂ ಅವಳೇ. ಅಪ್ಪನಿಗೆ ಓದಲು ಬರುವುದಿಲ್ಲ. ಅಲ್ಲಿಯೂ ‘ಅವ್ವನ ಮನೆ’ ಎಂದೇ ಬರೆದಿದೆ ಎಂದು ನಂಬಿ, ದಿನವೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದಾನೆ. ಈ ಒಂದು ವಿಷಯದಲ್ಲಾದರೂ ತಾವು ದಯಮಾಡಿ ಬಾಯಿ ಬಿಡಬಾರದು.