ಕೆಂಪು ಬಗ್ಗಿ, ನೀಲಿ ಬಗ್ಗಿ ಮತ್ತು ನೋಡೋಣಪ್ಪ

ಎಲ್ಲಕ್ಕೂ ಮೂಲ ಮಗಳು ಹಾಕಿದ ಒಂದು ಷರತ್ತು. ಹನ್ನೆರಡು ತುಂಬಿದ ದಿನ ಬೆಳಗ್ಗೆ, ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಅವಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪ, ರಿಮೋಟಲ್ಲಿ ಓಡೋ ಬಗ್ಗಿ ಕಾರು ಕೊಡಿಸ್ತೀನಿ ಅಂದಿದ್ದೆಯಲ್ಲ, ಯಾವ್ದಾದ್ರೂ ಸರಿ. ಆದ್ರೆ ನೀನೇ ಆರಿಸ್ಬೇಕು. ಬೀದಿಯವರು ಆರಿಸಿದ್ದು ನಂಗೆ ಬೇಡ."

"ನೋಡೋಣ" ಎಂದ ಅಪ್ಪ, ಅಭ್ಯಾಸಬಲದಿಂದ.

"ನೋಡೋಣ ಅಲ್ಲ. ಆರಿಸ್ತೀನಿ ಅನ್ನು."

"ಆರಿಸ್ತೀನಮ್ಮ."

ಅಡುಗೆಮನೆಯಿಂದ ಹೆಂಡತಿ ನಕ್ಕಿದ್ದು ಕೇಳಿಸಿತು.

ನಗದೆ ಇನ್ನೇನು ಮಾಡಿಯಾಳು! ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಈ ಮಹರಾಯನನ್ನು ಏನು ಕೇಳಿದರೂ ಬರುವ ಉತ್ತರ ಒಂದೇ, "ನೋಡೋಣ". ಹಾಗಾಗಿ ಬೀದಿಯವರೆಲ್ಲ ಸೇರಿ ನೋಡೋಣಪ್ಪ ಎಂದು ಹೆಸರಿಟ್ಟಿದ್ದರು. ಗಡಿಯಾರದ ಮುಂದೆ ಕೂತರೆ ಅವನ ಕೈ ಒಂದು ಕೂದಲೆಳೆಯಷ್ಟೂ ನಡುಗುತ್ತಿರಲಿಲ್ಲ. ಎದ್ದು ಅಂಗಡಿಯಿಂದ ಆಚೆ ಬಂದನೋ, ಎಡಗಡೆ ಹೋಗಲೋ ಬಲಗಡೆ ಹೋಗಲೋ ಎಂದು ನಿಂತುಬಿಡುತ್ತಿದ್ದ. ಅವನು ಹಾಗೆ ನಿಂತಾಗಲೆಲ್ಲ ಬೇರೆಯವರು ಬಂದು ತೀರ್ಮಾನ ಮಾಡಿಕೊಡುತ್ತಿದ್ದರು. ಮಗಳ ಶಾಲೆಯ ಚೀಲ ಆರಿಸಿದ್ದು ಎದುರಂಗಡಿಯ ಟೈಲರಮ್ಮ, ಅದರೊಳಗೆ ಹುಡುಗಿಯೇ ಕೂರಬಹುದಿತ್ತು. ಸೈಕಲ್ ಆರಿಸಿದ್ದು ಪಕ್ಕದ ಮನೆಯ ರಿಟೈರಾದ ಬಸ್ ಡ್ರೈವರ್. ಇವತ್ತಿಗೂ ಅವಳ ಕಾಲು ಪೆಡಲಿಗೆ ಎಟುಕದೆ ಆ ಸೈಕಲ್ಲಿನ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು. ಎರಡು ಸಲವೂ ಮಗಳು ತುಟಿ ಪಿಟಕ್ಕೆನ್ನದೆ ಸುಮ್ಮನಿದ್ದಳು. ಬೈದಿದ್ದರೂ ಮರೆತುಬಿಡುತ್ತಿದ್ದನೇನೋ, ಆ ಸುಮ್ಮನಿದ್ದದ್ದು ಮಾತ್ರ ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ಸಲ ಏನಾದರಾಗಲಿ, ತಾನೇ ಆರಿಸಬೇಕು.

ಆಟದ ಸಾಮಾನಿನ ಅಂಗಡಿಯಲ್ಲಿ ರೇಸಿನ ಬಗ್ಗಿಗಳು ಇದ್ದದ್ದೇ ಎರಡು. ಒಂದು ಕೆಂಪು, ಒಂದು ನೀಲಿ. ಬೇರೆ ಬೇರೆ ಕಂಪನಿಯವು, ಆದರೆ ಒಬ್ಬರನ್ನೊಬ್ಬರು ಕದ್ದು ನೋಡಿಕೊಂಡು ಮಾಡಿದಂತೆ ಅಳತೆ, ಮೇಲಿನ ಕವಚಕ್ಕೆ ಪಿನ್ನು ಹಾಕುವ ತೂತು ಸಮೇತ ಎಲ್ಲ ಒಂದೇ. ನೋಡೋಣಪ್ಪ ಒಂದು ಗಂಟೆ ಕಾಲ ಅವುಗಳನ್ನು ನೋಡುತ್ತಾ ನಿಂತ. ಕೊನೆಗೆ ಅಂಗಡಿಯವನಿಗೇ ಸಾಕಾಗಿಹೋಯಿತು.

"ನಿಮ್ಮ ಕೈ ಮುಗೀತೀನಿ, ಎರಡನ್ನೂ ತಗೊಂಡ್ಹೋಗಿ ಓಡಿಸಿ ನೋಡಿ. ಏಳು ಗಂಟೆಗೆ ಬಾಗಿಲು ಹಾಕ್ತೀನಿ, ಅಷ್ಟರೊಳಗೆ ಬೇಡದ್ದನ್ನ ವಾಪಸ್ ತನ್ನಿ. ಒಂದು ಮಾತ್ರ ನೆನಪಿರ್ಲಿ. ಇದರ ರಿಮೋಟಿಗೆ ಅದು ಓಡಲ್ಲ, ಅದರ ರಿಮೋಟಿಗೆ ಇದು ಓಡಲ್ಲ. ರಿಮೋಟು ಆಯಾ ಡಬ್ಬದಲ್ಲೇ ಇರ್ಲಿ."

ಎರಡೂ ಡಬ್ಬಗಳನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಕಳ್ಳನ ಹಾಗೆ ಗೋಡೆ ಪಕ್ಕದಲ್ಲೇ ನಡೆದು ಬಂದ. ಏನು ಪ್ರಯೋಜನ? ಟೈಲರಮ್ಮನ ಮಿಷನ್ನು ಟಕ್ಕನೆ ನಿಂತಿತು.

"ಏನಣ್ಣ ಅದು, ಮಗಳಿಗಾ? ಬಿಚ್ಚಿ, ಬಿಚ್ಚಿ ನೋಡೋಣ. ಅಯ್ಯೋ, ಕೆಂಪು ತಗೊಳ್ಳಿ ಅಣ್ಣ! ನೀಲಿ ಮೇಲೆ ಧೂಳು ಎದ್ದು ಕಾಣುತ್ತೆ."

"ಇಲ್ಲ ಟೈಲರಮ್ಮ, ನಾನೇ..."

"ನೀವೇ ಆರಿಸಿ. ಬೇಡ ಅಂದವರ್ಯಾರು? ಕೆಂಪು ಆರಿಸಿ."

ಅಷ್ಟರಲ್ಲಿ ಡ್ರೈವರ್ ಹಾಜರು. "ಸರಿಯಯ್ಯ ಆ ಕಡೆ! ಮೂವತ್ತೆರಡು ವರ್ಷ ಸ್ಟೇರಿಂಗ್ ಹಿಡಿದೋನು ನಾನು. ವಾಚ್ ರಿಪೇರಿ ಮಾಡೋನಿಗೆ ಗಾಡಿ ವಿಷಯ ಏನು ಗೊತ್ತು?"

ಬೀದಿಯಲ್ಲೇ ಪರೀಕ್ಷೆ ಶುರುವಾಯಿತು. ಕೆಂಪು ಬಗ್ಗಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚರಂಡಿ ಮೂಲೆ ತಲುಪುತ್ತಿತ್ತು, ತಲುಪಿದ್ದೇ ತಡ ಅಂಗಾತ ಬೀಳುತ್ತಿತ್ತು. ಏಳು ಸಲ ಓಡಿಸಿದರು, ಏಳು ಸಲವೂ ಬಿತ್ತು. ನೀಲಿ ನಿಧಾನ. ಆದರೆ ಅದೇ ಮೂಲೆಯಲ್ಲಿ ನೆಲ ಬಿಡದೆ ತಿರುಗಿ ಬರುತ್ತಿತ್ತು.

"ಬಿದ್ರೆ ಬೀಳ್ಲಿ ಬಿಡಯ್ಯ, ಸ್ಪೀಡ್ ನೋಡು ಸ್ಪೀಡು!" ಎಂದ ಡ್ರೈವರ್. ಇಸ್ತ್ರಿಯವನೂ ಹೌದೆಂದ. ಗೋಡೆ ಗಡಿಯಾರ ಕೊಡಲು ಬಂದಿದ್ದ ಯಾರೋ ಗಿರಾಕಿ, ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೆಂಪಿಗೆ ಜೈ ಎಂದ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಕೆಂಪಿನ ಪಕ್ಷ ಸೇರಿಯಾಗಿತ್ತು.

ಊಟ ಮುಗಿಸಿ ನೋಡೋಣಪ್ಪ ಅಂಗಡಿಯ ಶಟರನ್ನು ಅರ್ಧ ಇಳಿಸಿ ಒಳಗೆ ಕೂತ. ಯಾರೂ ಇಲ್ಲದಾಗ ಅವನಿಗೆ ತನ್ನ ತಲೆ ತನ್ನದೇ ಅನ್ನಿಸುತ್ತಿತ್ತು. ಪಿನ್ನು ತೆಗೆದು ಎರಡು ಬಗ್ಗಿಗಳ ಮೇಲಿನ ಕವಚವನ್ನೂ ಎತ್ತಿಟ್ಟ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದ.

ಆಹಾ, ಇದಪ್ಪ ತನಗೆ ಗೊತ್ತಿರುವ ಲೋಕ! ಕೆಂಪಿನದು ಪ್ಲಾಸ್ಟಿಕ್ ಗೇರು, ಸುತ್ತ ಅಂಟು ಮೆತ್ತಿ ಮುಚ್ಚಿದ್ದರು. ಒಂದು ಹಲ್ಲು ಮುರಿದರೆ ಬಿಸಾಡಬೇಕು, ಬೇರೆ ದಾರಿಯಿಲ್ಲ. ನೀಲಿಯದು ಹಿತ್ತಾಳೆ ಗೇರು. ಎಲ್ಲವೂ ಸ್ಕ್ರೂ, ಬಿಚ್ಚಬಹುದು, ತೊಳೆಯಬಹುದು, ಮತ್ತೆ ಕೂಡಿಸಬಹುದು. ಅಪ್ಪ ಮಗಳು ಪಕ್ಕಪಕ್ಕ ಕೂತು ಬಿಚ್ಚುವಂಥ ಗಾಡಿ. ಅವಳ ಪುಟ್ಟ ಕೈಗೆ ಸ್ಕ್ರೂಡ್ರೈವರ್ ಕೊಟ್ಟು "ಮೆಲ್ಲಗೆ ತಿರುಗಿಸಮ್ಮ" ಎನ್ನುವುದನ್ನು ನೆನೆಸಿಕೊಂಡೇ ಅವನಿಗೆ ಎದೆ ತುಂಬಿ ಬಂತು.

"ನೀಲಿ" ಎಂದ, ಗಟ್ಟಿಯಾಗಿ. ಗೋಡೆಯ ಗಡಿಯಾರಗಳನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಶಟರು ಧಡಾರನೆ ಮೇಲೆದ್ದಿತು. ಡ್ರೈವರ್, ಅವನ ಹಿಂದೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಟೈಲರಮ್ಮ.

"ಇದೇನಯ್ಯ, ಎಲ್ಲ ಬಿಚ್ಚಿ ಹಾಕಿದ್ದೀಯ?"

"ನಾನು ನೀಲಿ ತಗೊಳ್ತೀನಿ."

ಇಬ್ಬರೂ ಅವನ ಮುಖ ನೋಡಿದರು. ಜ್ವರ ಗಿರ ಬಂದಿದೆಯೇ ಎಂದು ಟೈಲರಮ್ಮ ಕೇಳಿಯೂ ಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ಉಪದೇಶ! ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ಹಿತ್ತಾಳೆ ಗೇರಿನ ವಿಷಯ ಹೇಳಲು ಅವನು ಮೂರು ಸಲ ಬಾಯಿ ತೆರೆದ, ಮೂರು ಸಲವೂ ಅವರೇ ಮಾತಾಡಿದರು. ಆದರೂ ಪಟ್ಟು ಬಿಡಲಿಲ್ಲ. ತಲೆಯೆತ್ತಿ ನೋಡಿದರೆ ಆರೂ ಮುಕ್ಕಾಲು. ಅಯ್ಯಯ್ಯೋ ಎಂದು ಗಡಬಡಿಸಿ ಕವಚ ಮುಚ್ಚಿ, ಪಿನ್ನು ಚುಚ್ಚಿ, ಕೆಂಪನ್ನು ಕೆಂಪು ಡಬ್ಬಕ್ಕೂ ನೀಲಿಯನ್ನು ನೀಲಿ ಡಬ್ಬಕ್ಕೂ ತುಂಬಿ ಓಡಿದ. ದಾರಿಯುದ್ದಕ್ಕೂ ಡ್ರೈವರ್ ಬೆನ್ನು ಬಿಡಲಿಲ್ಲ. ನೋಡೋಣಪ್ಪ ಕೆಂಪು ಡಬ್ಬವನ್ನು ವಾಪಸ್ ಕೊಟ್ಟಿದ್ದೇ ತಡ, ಡ್ರೈವರ್ ಅದರ ಮೇಲೆ ಕೈಯಿಟ್ಟ.

"ನಿನಗೆ ಬೇಡವಾದ್ರೆ ನಂಗಿರ್ಲಿ. ಒಳ್ಳೆ ಗಾಡಿ ಬಿಡೋನಲ್ಲ ನಾನು."

ಮನೆಯಲ್ಲಿ ಮಗಳು ನೀಲಿ ಡಬ್ಬ ಬಿಚ್ಚಿದಳು.

"ನೀನೇ ಆರಿಸಿದ್ದಾ ಅಪ್ಪ? ನಿಜವಾಗ್ಲೂ?"

"ನಾನೇ. ಬೀದಿಯವರೆಲ್ಲ ಕೆಂಪು ಅಂದ್ರು, ನಾನೊಬ್ನೇ ನೀಲಿ ಅಂದೆ."

ಮಗಳು ಅವನ ಸೊಂಟವನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೆಂಡತಿ ಈ ಸಲ ನಗಲಿಲ್ಲ, ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ಅವನ ಜನ್ಮದಲ್ಲಿ ಅಂಥ ಸಂಜೆ ಬಂದಿರಲಿಲ್ಲ.

ಮಗಳು ಬಗ್ಗಿಯನ್ನು ನೆಲಕ್ಕಿಟ್ಟು ರಿಮೋಟ್ ಒತ್ತಿದಳು. ಬಗ್ಗಿ ಕದಲಲಿಲ್ಲ. ಮತ್ತೆ ಒತ್ತಿದಳು. ಪಕ್ಕದ ಮನೆಯಿಂದ ಡ್ರೈವರನ ಹೆಂಡತಿ ಕಿರುಚಿಕೊಂಡಳು. "ಅಯ್ಯಯ್ಯಪ್ಪ, ಯಾರೂ ಒತ್ತಿಲ್ಲ, ಇದು ತಾನಾಗೇ ಓಡ್ತಿದೆ ಕಣ್ರೀ!"

ಮರುಗಳಿಗೆಗೆ ಇಲ್ಲಿಯ ನೀಲಿ ಬಗ್ಗಿ, ಮಗಳ ರಿಮೋಟಿನ ಹಂಗೇ ಇಲ್ಲದೆ ರೊಯ್ಯನೆ ಎದ್ದು, ಮಂಚದ ಕೆಳಗೆ ನುಗ್ಗಿ, ಬಾಗಿಲ ಹತ್ತಿರ ತಿರುಗಲು ಹೋಗಿ ಅಂಗಾತ ಬಿತ್ತು.

ಆ ಬೀಳುವ ರೀತಿಯನ್ನು ಬೆಳಗ್ಗೆ ಏಳು ಸಲ ನೋಡಿದ್ದ. ನೋಡೋಣಪ್ಪ ನೆಲಕ್ಕೆ ಕೂತು ಪಿನ್ನು ಕಿತ್ತ. ನೀಲಿ ಕವಚ ಎತ್ತಿದ. ಪ್ಲಾಸ್ಟಿಕ್ ಗೇರು, ಸುತ್ತ ಅಂಟು. ಇಪ್ಪತ್ತು ವರ್ಷದಲ್ಲಿ ಒಂದು ಗಡಿಯಾರದ ಮುಳ್ಳನ್ನು ಇನ್ನೊಂದಕ್ಕೆ ಹಾಕಿದವನಲ್ಲ, ಇವತ್ತು ಕವಚವನ್ನೇ ಅದಲು ಬದಲು ಹಾಕಿಬಿಟ್ಟಿದ್ದ. ಇಲ್ಲಿ ಒತ್ತಿದರೆ ಅಲ್ಲಿಯದು ಓಡುತ್ತಿತ್ತು, ಅಲ್ಲಿ ಡ್ರೈವರ್ ಒತ್ತಿದರೆ ಇಲ್ಲಿಯದು.

ಡ್ರೈವರ್ ಕೆಂಪು ಬಗ್ಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದ. ನೋಡೋಣಪ್ಪ ಅದರ ಕವಚವನ್ನೂ ತೆಗೆದು ಎಲ್ಲವನ್ನೂ ಬಿಡಿಸಿ ಹೇಳಿದ. ಇದು ಹಿತ್ತಾಳೆ, ಅದು ಪ್ಲಾಸ್ಟಿಕ್. ಇದನ್ನು ಬಿಚ್ಚಬಹುದು, ಅದು ಕೆಟ್ಟರೆ ಕೆಟ್ಟಿತು. ಇದರ ಭಾರ ಕೆಳಗಿದೆ, ಅದಕ್ಕೇ ಬೀಳಲ್ಲ. ಡ್ರೈವರ್ ಮಧ್ಯೆ ಒಂದು ಸಲವೂ ಬಾಯಿ ಹಾಕದೆ ಕೇಳಿಸಿಕೊಂಡ. ಅಂಥದ್ದು ಹಿಂದೆಂದೂ ನಡೆದಿರಲಿಲ್ಲ.

"ಅಂದ್ರೆ, ನನ್ನ ಡಬ್ಬದಲ್ಲಿ ಬಂದಿರೋದೇ ಒಳ್ಳೇ ಗಾಡಿ ಅಂತೀಯ?"

"ಹೂಂ ಸಾರ್, ನೂರಕ್ಕೆ ನೂರು."

"ನೀನು ಹೇಳಿದ ಮೇಲೆ ಮುಗೀತು. ಇದೇ ಇರ್ಲಿ ನಂಗೆ."

"ಸಾರ್, ಅದು ನಾನು ಆರಿಸಿದ್ದು..."

"ಬದಲಾಯಿಸಿದ್ದು ಯಾರಯ್ಯ, ನಾನಾ? ಅಂಗಡಿಯವನು ಕೊಟ್ಟಿದ್ದನ್ನ ತಂದಿದ್ದೀನಿ. ರಿಮೋಟ್ ಬದಲಾಯಿಸ್ಕೊಂಡ್ರೆ ಆಯ್ತು."

"ಕವಚ ಆದ್ರೂ..."

"ಕೆಂಪು ಬಣ್ಣ ನಂಗಿಷ್ಟ ಕಣಯ್ಯ."

ಜೀವಮಾನದಲ್ಲಿ ಮೊದಲ ಸಲ ಒಬ್ಬರು ನೋಡೋಣಪ್ಪನ ಮಾತು ಒಪ್ಪಿದ್ದರು. ಒಪ್ಪಿ, ಬಗ್ಗಿಯನ್ನೂ ತೆಗೆದುಕೊಂಡು ಹೋಗಿದ್ದರು.

ಅಷ್ಟಕ್ಕೇ ಮುಗಿಯಿತೇ? ಬೀದಿಯವರು ಬಿಡಬೇಕಲ್ಲ. ದೀಪ ಹತ್ತಿದ್ದೇ ತಡ ಎರಡೂ ಬಗ್ಗಿಗಳನ್ನು ರಸ್ತೆಗಿಳಿಸಿದರು. ಕೆಂಪು ಡ್ರೈವರನ ಕೈಯಲ್ಲಿ, ನೀಲಿ ಮಗಳ ಕೈಯಲ್ಲಿ. ಮುಂದೆ ಹಾರಿದ್ದು ನೀಲಿ, ಚರಂಡಿ ಮೂಲೆಯಲ್ಲಿ ಅಂಗಾತ ಬಿದ್ದಿದ್ದೂ ನೀಲಿ. ಕೆಂಪು ಹಿಂದಿನಿಂದ ಬಂದು, ನೆಲ ಬಿಡದೆ ತಿರುಗಿ ಗೆದ್ದಿತು. ನಾಲ್ಕು ಸಲವೂ ಅದೇ ಕತೆ.

"ಬೆಳಗ್ಗೆ ಡ್ರೈವರ್‌ಗೆ ಕೈ ಕೂತಿರಲಿಲ್ಲ ಅಷ್ಟೇ" ಎಂದ ಇಸ್ತ್ರಿಯವನು. "ಕೆಂಪು ಅಂದ್ರೆ ಕೆಂಪೇ!"

ಡ್ರೈವರ್ ನೋಡೋಣಪ್ಪನ ಕಡೆ ನೋಡದೆ ರಿಮೋಟನ್ನು ಅಂಗಿಯಿಂದ ಒರೆಸುತ್ತಾ ನಿಂತ. ನಿಜ ಹೇಳಿಬಿಡಲೇ ಎಂದು ನೋಡೋಣಪ್ಪನ ನಾಲಿಗೆ ತುದಿಗೆ ಬಂತು. ಯಾರು ನಂಬುತ್ತಾರೆ? ಇವನ ಪಾಡು ಕಂಡು ನಮಗೇ ಅಯ್ಯೋ ಅನ್ನಿಸುತ್ತದೆ. ಸರಿಯಾದದ್ದನ್ನೇ ಆರಿಸಿದ್ದ, ಅದಕ್ಕೆ ಸಾಕ್ಷಿ ಎಲ್ಲರ ಕಣ್ಣೆದುರೇ ಓಡುತ್ತಿತ್ತು, ಕೆಂಪು ಅಂಗಿ ತೊಟ್ಟುಕೊಂಡು.

ಮಗಳು ನೀಲಿ ಬಗ್ಗಿಯನ್ನು ಎತ್ತಿಕೊಂಡು ಬಂದು, ಅಪ್ಪನನ್ನು ಬಗ್ಗಿಸಿ ಕಿವಿಯಲ್ಲಿ ಹೇಳಿದಳು. "ನಾಲ್ಕು ಸಲವೂ ನೀನು ಆರಿಸಿದ್ದೇ ಗೆದ್ದಿದ್ದು. ನಂಗೊತ್ತಲ್ಲ."

ಅವನು ನೀಲಿ ಬಗ್ಗಿಯ ಧೂಳು ಒರೆಸಿದ. ಅವಳ ತಲೆಯ ಮೇಲೆ ಕೈಯಿಟ್ಟ.

"ಅಲ್ಲಣ್ಣ," ಟೈಲರಮ್ಮ ಹತ್ತಿರ ಬಂದಳು, ಪಾಪ, ಸಮಾಧಾನ ಹೇಳುವ ದನಿಯಲ್ಲೇ. "ಬೇಜಾರು ಮಾಡ್ಕೋಬೇಡಿ. ಇನ್ಮೇಲಾದ್ರೂ ಇಂಥದ್ದಕ್ಕೆಲ್ಲ ನಮ್ಮನ್ನ ಒಂದು ಮಾತು ಕೇಳ್ತೀರಲ್ಲ?"

ಇಡೀ ಬೀದಿ ಅವನ ಉತ್ತರಕ್ಕೆ ಕಾಯುತ್ತಿತ್ತು. ಮಗಳೂ ಮುಖವೆತ್ತಿ ನೋಡಿದಳು.

"ನೋಡೋಣ" ಎಂದ ಅವನು, ಮಗಳ ಕೈ ಹಿಡಿದು ಮನೆ ಕಡೆ ತಿರುಗಿದ.